ವರದಿ ಬಾರದಿದ್ದರೆ ಸೊನ್ನೆ

ನವೆಂಬರ್ 5, ಗುರುವಾರ

ಸಿಟ್ಟು ಬಂದಾಗಲೆಲ್ಲ ಬರೆಯಿರಿ ಎಂದಿದ್ದಾರೆ ಡಾಕ್ಟರು. ರಕ್ತದೊತ್ತಡಕ್ಕೆ ಮಾತ್ರೆ ಕೊಟ್ಟು, "ಯಜಮಾನರ ಮೇಲೆ ಹಾರಾಡೋ ಬದಲು ಒಂದು ನೋಟ್‌ಬುಕ್ ಮೇಲೆ ಹಾರಾಡಿ" ಎಂದರು. ಇವರು ಅದೇ ಸಂಜೆ ನೋಟ್‌ಬುಕ್ಕು ತಂದುಕೊಟ್ಟರು. ಮದುವೆಯಾಗಿ ಇಪ್ಪತ್ತಾರು ವರ್ಷದಲ್ಲಿ ನಾನು ಕೇಳದೆ ಇವರು ತಂದುಕೊಟ್ಟ ಮೊದಲ ವಸ್ತು ಇದು. ಇನ್ನೂರು ಪುಟದ್ದು. ಎಷ್ಟು ಸಿಟ್ಟು ಬರಬಹುದೆಂದು ಇವರ ಅಂದಾಜು ಎನ್ನುವುದು ಅದರಲ್ಲೇ ಗೊತ್ತಾಗುತ್ತದೆ.

ಸರಿ, ಬರೆಯೋಣ. ಸಿಟ್ಟಿಗೆ ಮೊದಲ ಕಾರಣ ಅಕ್ಕ.

ನಾನು ಇಡೀ ದೇಶದ ಫ್ಲೂ ಜ್ವರದ ಲೆಕ್ಕ ಇಡುವವಳು. ನೂರನಲವತ್ತು ಆರೋಗ್ಯ ಕೇಂದ್ರಗಳು ವಾರಕ್ಕೊಂದು ಫಾರಂ ಕಳಿಸುತ್ತವೆ. ಎಷ್ಟು ರೋಗಿಗಳು ಬಂದರು, ಅದರಲ್ಲಿ ಜ್ವರ ಕೆಮ್ಮಿನವರು ಎಷ್ಟು, ಇಷ್ಟೇ. ಗುರುವಾರ ಮಧ್ಯಾಹ್ನ ಹನ್ನೆರಡಕ್ಕೆ ನಾನು ಲೆಕ್ಕ ಮುಚ್ಚುತ್ತೇನೆ, ನಾಲ್ಕಕ್ಕೆ ನಕ್ಷೆ ಬಿಡುಗಡೆ. ಹದಿನಾಲ್ಕು ಜಿಲ್ಲೆ, ನಾಲ್ಕು ಬಣ್ಣ. ಹಸಿರು ಅಂದರೆ ಜ್ವರವಿಲ್ಲ, ಹಳದಿ ಅಂದರೆ ಶುರುವಾಗಿದೆ, ಕಿತ್ತಳೆ ಅಂದರೆ ಜೋರಾಗಿದೆ, ಕೆಂಪು ಅಂದರೆ ಕೈಮೀರಿದೆ. ಕೆಂಪಾದ ಜಿಲ್ಲೆಗೆ ನೆರವು ತಂಡ ಹೊರಡುತ್ತದೆ: ಇಬ್ಬರು ಡಾಕ್ಟರು, ನಾಲ್ಕು ನರ್ಸು, ಒಂದು ಲಾರಿ ತುಂಬ ಆಮ್ಲಜನಕ. ನನ್ನ ಬಣ್ಣಕ್ಕೆ ಲಾರಿ ಅಲ್ಲಾಡುತ್ತದೆ. ಇದು ಜಂಬವಲ್ಲ, ಆದೇಶದಲ್ಲೇ ಇದೆ.

ಅಕ್ಕ ಕಣಿವೆ ಜಿಲ್ಲೆಯ ಒಂದು ಸಣ್ಣ ಕೇಂದ್ರದಲ್ಲಿ ಮೂವತ್ತು ವರ್ಷದಿಂದ ನರ್ಸು. ಅಲ್ಲಿ ಒಬ್ಬರು ಮುದಿ ಡಾಕ್ಟರು, ಇಬ್ಬರು ನರ್ಸು, ಒಬ್ಬಳು ಆಯಾ. ಹೋದ ತಿಂಗಳು ಅಣ್ಣನ ಮಗಳ ಮದುವೆ ಊಟದಲ್ಲಿ ಹತ್ತು ಜನರ ಮುಂದೆ ಅಕ್ಕ ಹೇಳಿದ್ದು ಹೀಗೆ: "ನಮ್ಮ ತಂಗಿ ಚಿಕ್ಕಂದಿನಲ್ಲೂ ಗೆರೆ ದಾಟದ ಹಾಗೆ ಬಣ್ಣ ತುಂಬ್ತಿದ್ಲು. ಈಗ ಅದಕ್ಕೇ ಸಂಬಳ ಕೊಡ್ತಾರೆ." ಎಲ್ಲರೂ ನಕ್ಕರು. ಇವರೂ ನಕ್ಕರು. ಇವರು ನಕ್ಕಿದ್ದು ಎಲ್ಲರಿಗಿಂತ ಜೋರಾಗಿತ್ತು.

ಅವತ್ತಿನಿಂದ ಅಕ್ಕನ ಜೊತೆ ಮಾತಿಲ್ಲ. ಮೊದಲು ಅವಳೇ ಫೋನ್ ಮಾಡಬೇಕು.

ಎರಡನೆಯ ಕಾರಣ ಫಾರಂ ಕಳಿಸದ ಕೇಂದ್ರಗಳು. ಇವತ್ತು ಹನ್ನೆರಡು ಬಂದಿಲ್ಲ. ಮೊದಲಾದರೆ ಒಬ್ಬೊಬ್ಬರಿಗೂ ಫೋನ್ ಮಾಡಿ, ಅಪ್ಪಾ ಅಣ್ಣಾ ಎಂದು ಬೇಡಿ, ಕತ್ತಲಾದ ಮೇಲೆ ಮನೆ ಸೇರಬೇಕಿತ್ತು. ಈಗ ನಿಯಮವಿದೆ. ಫಾರಂ ಬಾರದಿದ್ದರೆ ಹನ್ನೆರಡು ಗಂಟೆಗೆ ಕಂಪ್ಯೂಟರು ತಾನೇ ಅಲ್ಲೊಂದು ಸೊನ್ನೆ ಹಾಕಿಕೊಳ್ಳುತ್ತದೆ. ಜ್ವರದವರು ಬಂದಿದ್ದರೆ ಬರೆಯುತ್ತಿದ್ದರು, ಬರೆದಿಲ್ಲ, ಆದ್ದರಿಂದ ಬಂದಿಲ್ಲ. ಯಾವ ಪುಣ್ಯಾತ್ಮ ಮಾಡಿದ ನಿಯಮವೋ, ಅವನ ಹೊಟ್ಟೆ ತಣ್ಣಗಿರಲಿ.

ನವೆಂಬರ್ 12, ಗುರುವಾರ

ಹದಿನಾಲ್ಕಕ್ಕೆ ಹದಿನಾಲ್ಕೂ ಹಸಿರು. ನಿರ್ದೇಶಕರು ಬಂದು ನನ್ನ ಹಿಂದೆ ನಿಂತು ನಕ್ಷೆಯನ್ನು ತಮ್ಮ ಸ್ವಂತ ತೋಟ ನೋಡುವ ಹಾಗೆ ನೋಡಿದರು. ನಿರ್ದೇಶಕರಿಗೆ ಕಚೇರಿಯಲ್ಲಿ ನಾವಿಟ್ಟ ಹೆಸರು ಆತಂಕಬೇಡ ಸಾಹೇಬರು. ಯಾವ ಮಾತು ಶುರು ಮಾಡಿದರೂ "ಆತಂಕ ಬೇಡ" ಎಂದೇ ಶುರು ಮಾಡುತ್ತಾರೆ. ಹೋದ ವರ್ಷ ಲಿಫ್ಟು ಎರಡು ಮಹಡಿಗಳ ಮಧ್ಯೆ ನಿಂತಾಗಲೂ ಹಾಗೇ ಶುರು ಮಾಡಿದ್ದರು. ಒಳಗಿದ್ದ ಏಳು ಜನಕ್ಕೂ ಆತಂಕ ಹುಟ್ಟಿದ್ದು ಆಗಲೇ.

"ಆತಂಕ ಬೇಡ, ಈ ವರ್ಷ ಸೌಮ್ಯ ಋತು" ಎಂದರು. ಸೌಮ್ಯ ಅನ್ನುವ ಪದ ಸಾಹೇಬರಿಗೆ ಬಹಳ ಇಷ್ಟ.

ನವೆಂಬರ್ 14, ಶನಿವಾರ

ಇವರು ಸಿಟಿ ಬಸ್ಸಿನ ಚಾಲಕರು. ಊಟಕ್ಕೆ ಕೂತಾಗ ಡಿಪೋ ಪುರಾಣ ಬಿಚ್ಚಿದರು.

"ಇವತ್ತು ಹನ್ನೊಂದು ಜನ ಚಾಲಕರು ಬಂದಿಲ್ಲ. ಎಲ್ಲಾ ಜ್ವರ ಅಂತೆ. ಬಸ್ಸಲ್ಲಿ ಕೂತವರೂ ಅಷ್ಟೇ, ಒಂದು ಸ್ಟಾಪಿಂದ ಇನ್ನೊಂದು ಸ್ಟಾಪಿಗೆ ಕೆಮ್ಮು ಕೈ ಬದಲಾಗ್ತಾ ಹೋಗುತ್ತೆ."

"ಬಸ್ ಡಿಪೋ ಸೂಚಕ ಅಲ್ಲ" ಎಂದೆ.

"ಸೂಚಕ ಅಂದ್ರೇನು?"

"ನೂರನಲವತ್ತು ಕೇಂದ್ರ ಇದಾವಲ್ಲ, ಅವು."

"ನಮ್ಮ ಹನ್ನೊಂದು ಜನ ಎಲ್ಲೂ ಹೋಗದೆ ಮನೆಯಲ್ಲಿ ಮಲಗಿದ್ರೆ?"

"ಹಾಗಿದ್ರೆ ಅವರು ಇಲ್ಲ."

"ಇದಾರಲ್ಲೇ, ಮಲಗಿದಾರೆ ಅಂದ್ನಲ್ಲ."

ಓದಿದವರ ಜೊತೆ ವಾದ ಮಾಡಬಹುದು, ಬಸ್ಸು ಓಡಿಸುವವರ ಜೊತೆ ಆಗದು. ಕನ್ನಡಿಯಲ್ಲಿ ಹಿಂದಿನದೂ ಕಾಣುತ್ತದೆ ಎಂಬ ಗರ್ವ ಅವರಿಗೆ.

ನವೆಂಬರ್ 19, ಗುರುವಾರ

ರೇವು ಜಿಲ್ಲೆ ಕೆಂಪು. ಒಂದೇ ವಾರದಲ್ಲಿ ಹಸಿರಿನಿಂದ ನೇರ ಕೆಂಪಿಗೆ ನೆಗೆದಿದೆ. ಆ ಜಿಲ್ಲೆಯವರು ಫಾರಂ ಕಳಿಸುವುದರಲ್ಲಿ ಗಟ್ಟಿಗರು. ಸೀನಿದರೂ ಬರೆಯುತ್ತಾರೆ, ಸೀನು ಬಂದು ಹೋದರೂ ಬರೆಯುತ್ತಾರೆ. ಮೊದಲ ನೆರವು ತಂಡ ನಾಳೆ ಅಲ್ಲಿಗೇ ಹೊರಡುತ್ತದೆ.

ಅಕ್ಕನ ಫಾರಂ ಎಂದಿನ ಹಾಗೆ ಬುಧವಾರವೇ ಬಂದು ಕೂತಿತ್ತು. ಅರವತ್ತೆಂಟು ರೋಗಿಗಳು, ಅದರಲ್ಲಿ ಜ್ವರ ಕೆಮ್ಮು ನಲವತ್ತೊಂದು. ಹೋದ ವಾರ ಆರಿತ್ತು. ಆರರಿಂದ ನಲವತ್ತೊಂದು! ಕೆಳಗೆ ಷರಾ ಅನ್ನುವ ಕಾಲಮ್ಮಿನಲ್ಲಿ ದುಂಡನೆಯ ಅಕ್ಷರದಲ್ಲಿ ಬರೆದಿದ್ದಾಳೆ: "ಇಬ್ಬರು ನರ್ಸು ಸಾಲದು. ತಂಡ ಬೇಕು. ಬೇಗ."

ಕಂಪ್ಯೂಟರಿನಲ್ಲಿ ಷರಾ ತುಂಬುವ ಜಾಗವೇ ಇಲ್ಲ. ಫಾರಂನಲ್ಲಿ ಆ ಕಾಲಮ್ಮು ಯಾಕಿದೆ ಎಂದರೆ, ಬರೆಯುವವರಿಗೆ ಸಮಾಧಾನವಾಗಲಿ ಎಂದು. ನಲವತ್ತೊಂದು ಹಾಕಿಕೊಂಡೆ, ಷರಾ ಬಿಟ್ಟೆ. ಜಿಲ್ಲೆಯ ಉಳಿದ ಎಂಟು ಕೇಂದ್ರಗಳ ಜೊತೆ ಸರಾಸರಿ ಮಾಡಿದರೆ ಬರೀ ಹಳದಿ. ತನ್ನ ಕೇಂದ್ರ ಒಂದೇ ದೇಶ ಅಂದುಕೊಂಡಿದ್ದಾಳೆ. ನನಗೆ ಪಾಠ ಕಲಿಸಲು ನೆಗಡಿಯನ್ನೂ ಜ್ವರ ಮಾಡಿ ಬರೆದಿದ್ದರೂ ಬರೆದಿರಬಹುದು. ಅಕ್ಕನನ್ನು ನಾನು ಬಲ್ಲೆ, ಸಣ್ಣದರಲ್ಲಿ ನನ್ನ ಮೊಣಕಾಲು ತರಚಿದರೆ ಕಾಲೇ ಮುರಿಯಿತೆಂದು ಬೀದಿಯೆಲ್ಲ ಕೂಗಿದವಳು.

ಫ್ಯಾಕ್ಸಣ್ಣ ಸಂಜೆ ಮೇಜಿನ ಬಳಿ ಬಂದು ನಿಂತರು. ಫ್ಯಾಕ್ಸ್ ಮೆಷಿನ್ ನೋಡಿಕೊಳ್ಳುವ ಗುಮಾಸ್ತರು, ಮುಂದಿನ ವರ್ಷ ನಿವೃತ್ತಿ. ಬೆಟ್ಟಗುಡ್ಡದ ಕಡೆಯ ಕೇಂದ್ರಗಳು ಇನ್ನೂ ಫ್ಯಾಕ್ಸಿನಲ್ಲೇ ಫಾರಂ ಕಳಿಸುವುದರಿಂದ ಅವರಿಗೆ ಕೆಲಸ ಉಳಿದಿದೆ.

"ಮೆಷಿನ್ ಯಾಕೋ ಸುಮ್ಮನಾಗ್ತಿದೆ ಕಣಮ್ಮ" ಎಂದರು.

"ರಿಪೇರಿಯವರನ್ನ ಕರೀರಿ" ಎಂದೆ.

"ಮೆಷಿನ್ ಚೆನ್ನಾಗೇ ಇದೆ."

ವಯಸ್ಸಾದವರಿಗೆ ಒಗಟು ಹೇಳುವ ಚಟ.

ನವೆಂಬರ್ 26, ಗುರುವಾರ

ಅಕ್ಕನ ಸಾಲಿನಲ್ಲಿ ಸೊನ್ನೆ!

ಹೋದ ವಾರ ಆಕಾಶ ತಲೆ ಮೇಲೆ ಬಿದ್ದ ಹಾಗೆ ಬೊಬ್ಬೆ, ಈ ವಾರ ಒಬ್ಬನೇ ಒಬ್ಬ ಜ್ವರದವನಿಲ್ಲ. ಕಾಲ ಮೇಲೆ ಕಾಲು ಹಾಕಿಕೊಂಡು ಟೀ ಕುಡಿಯುತ್ತಿರಬೇಕು. ನನಗೆ ಎಷ್ಟು ಸಂತೋಷವಾಯಿತೆಂದರೆ, ಇವರಿಗೆ ಫೋನ್ ಮಾಡಿ ಹೇಳಿದೆ. ಇವರು ಬಸ್ಸಿನಲ್ಲಿದ್ದರು. "ಸೊನ್ನೆನಾ? ನಿಮ್ಮಕ್ಕನ ಕೈಯಲ್ಲಾ?" ಎಂದಷ್ಟೇ ಕೇಳಿ ಇಟ್ಟರು.

ಕಣಿವೆ ಜಿಲ್ಲೆ ಮತ್ತೆ ಹಸಿರು. ರೇವಿಗೆ ಹೋದ ತಂಡದವರು ನಾಲ್ಕು ದಿನ ಸಮುದ್ರ ನೋಡಿಕೊಂಡು ಕೂತಿದ್ದಾರಂತೆ. ಅಲ್ಲಿ ಜ್ವರಕ್ಕಿಂತ ಫಾರಂ ಜಾಸ್ತಿ ಇತ್ತಂತೆ.

ಡಿಸೆಂಬರ್ 1, ಮಂಗಳವಾರ

ಆತಂಕಬೇಡ ಸಾಹೇಬರು ಟಿವಿಯಲ್ಲಿ ಬಂದರು. ಹಿಂದೆ ನನ್ನ ನಕ್ಷೆ. "ಹತ್ತು ವರ್ಷದಲ್ಲೇ ಅತಿ ಸೌಮ್ಯ ಋತು" ಎಂದು ಹೇಳುತ್ತ ಮಧ್ಯೆ ಎರಡು ಸಲ ಕೆಮ್ಮಿದರು. ಪತ್ರಕರ್ತೆಯೊಬ್ಬಳು ಆಸ್ಪತ್ರೆಗಳ ಮುಂದೆ ಸಾಲು ಉದ್ದವಾಗಿದೆಯಲ್ಲ ಎಂದದ್ದಕ್ಕೆ, "ಸಾಲು ಭಾವನೆ, ನಕ್ಷೆ ವಿಜ್ಞಾನ" ಎಂದರು. ಆ ಮಾತು ಇವತ್ತು ಎಲ್ಲ ಕಡೆ ಓಡಾಡಿತು.

ಆಮೇಲೆ ನನ್ನನ್ನು ಕೋಣೆಗೆ ಕರೆದು ಬಾಗಿಲು ಹಾಕಿ, ವರ್ಷದ ಕೊನೆಗೆ ನನ್ನನ್ನು ವಿಭಾಗದ ಮುಖ್ಯಸ್ಥೆ ಮಾಡುವುದಾಗಿ ಹೇಳಿದರು. ಹದಿನೆಂಟು ವರ್ಷದಿಂದ ಕಾಯುತ್ತಿದ್ದೆ. ಅಕ್ಕನಿಗೆ ಈ ಸುದ್ದಿ ಯಾರು ಮುಟ್ಟಿಸುತ್ತಾರೆ ಎಂದು ಯೋಚಿಸಿದೆ. ಅಣ್ಣನಿಗೆ ಹೇಳಿದರೆ ಸಾಕು, ಅವನ ಬಾಯಲ್ಲಿ ಎಳ್ಳು ಕಾಳೂ ನೆನೆಯದು.

ಇವರೂ ಕೆಮ್ಮುತ್ತಿದ್ದಾರೆ. ಬಿಸಿನೀರು ಕಾಯಿಸಿ ಕೊಟ್ಟೆ. "ನನ್ನನ್ನ ಯಾವ ಬಣ್ಣಕ್ಕೆ ಸೇರಿಸ್ತೀಯ?" ಎಂದು ಕೇಳಿದರು.

ಡಿಸೆಂಬರ್ 3, ಗುರುವಾರ

ರೇವೂ ಹಳದಿಗಿಳಿಯಿತು. ಉಳಿದ ಹದಿಮೂರೂ ಹಸಿರು. ಇಂಥ ಹಸಿರನ್ನು ಜುಲೈ ತಿಂಗಳಲ್ಲೂ ನಾನು ಕಂಡಿರಲಿಲ್ಲ.

ಅಕ್ಕನ ಸಾಲಿನಲ್ಲಿ ಮತ್ತೆ ಸೊನ್ನೆ. ಈ ಸಲ ಹೋದ ವಾರದಷ್ಟು ಸಂತೋಷ ಆಗಲಿಲ್ಲ. ಊಟದ ಬಿಡುವಿನಲ್ಲಿ ಫೋನ್ ಕೈಗೆ ತಗೊಂಡೆ. ಅವಳ ನಂಬರಿನವರೆಗೂ ಹೋದೆ. ಅಷ್ಟರಲ್ಲಿ ಮದುವೆ ಊಟದ ನಗು ಕಿವಿಯಲ್ಲಿ ಕೇಳಿತು, ಇಟ್ಟುಬಿಟ್ಟೆ. ಆರಾಮಾಗಿದ್ದಾಳೆಂದು ಸೊನ್ನೆಯೇ ಹೇಳುತ್ತಿದೆ, ಇನ್ನು ಕೇಳುವುದೇನು.

ಫ್ಯಾಕ್ಸಣ್ಣ ಇವತ್ತು ಮೆಷಿನ್ ಪಕ್ಕ ಕುರ್ಚಿ ಹಾಕಿಕೊಂಡು ಇಡೀ ಬೆಳಗ್ಗೆ ಕೂತಿದ್ದರು. ಯಾಕೆಂದು ಕೇಳಲಿಲ್ಲ.

ಡಿಸೆಂಬರ್ 7, ಸೋಮವಾರ

ಇದನ್ನು ಇವತ್ತೇ ಬರೆಯುತ್ತೇನೆ, ಆಡಿದ ಮಾತು ಹಾಗೇ ಇರಬೇಕು.

ಹನ್ನೊಂದು ಗಂಟೆಗೆ ಫ್ಯಾಕ್ಸಣ್ಣನ ಮೇಜಿನ ಫೋನ್ ಬಂತು. ಅವರು ಎರಡು ನಿಮಿಷ ಕೇಳಿಸಿಕೊಂಡು ನನ್ನನ್ನು ಕರೆದರು. ಹೆಂಗಸಿನ ದನಿ. ಅಕ್ಕನ ಕೇಂದ್ರದ ಆಯಾ.

"ಅಮ್ಮಾ, ಈ ಗುರುವಾರದ ಫಾರಂ ಹೇಗೆ ತುಂಬೋದು ಅಂತ ಹೇಳ್ತೀರಾ? ನನಗೆ ಅಂಕಿ ಬರೆಯೋಕೆ ಬರುತ್ತೆ, ಓದೋದು ಸ್ವಲ್ಪ ಕಷ್ಟ."

"ನೀವ್ಯಾಕೆ ತುಂಬ್ತೀರಿ? ನರ್ಸ್ ಎಲ್ಲಿ?"

"ಚಿಕ್ಕ ನರ್ಸಮ್ಮ ಜ್ವರ ಬಂದು ಮನೆಗೆ ಹೋಗಿ ಎರಡು ವಾರದ ಮೇಲಾಯ್ತು. ಡಾಕ್ಟರು ಹೋದ ಮಂಗಳವಾರ ತೀರ್ಕೊಂಡ್ರು. ದೊಡ್ಡ ನರ್ಸಮ್ಮ ಔಷಧಿ ಕೋಣೇಲಿ ಮಲಗಿದಾರೆ. ಮೇಲುಸಿರು ಬಿಡ್ತಿದಾರೆ. ಮಧ್ಯೆ ಎಚ್ಚರ ಆದಾಗ ಹೇಳಿದ್ರು, ಎರಡು ವಾರ ಫಾರಂ ಕಳಿಸೋಕೆ ಆಗಿಲ್ಲ, ಹೇಗಾದ್ರೂ ಕಳಿಸು, ಇಲ್ಲದಿದ್ರೆ ನಾವು ಹಸಿರಾಗ್ತೀವಿ ಅಂತ. ಹಸಿರಾದ್ರೆ ಏನಾಗುತ್ತಮ್ಮ?"

ಆಯಾ ತಾನೇ ಮುಂದುವರಿಸಿದಳು.

"ಜನ ಬಾಗಿಲಲ್ಲೇ ಕೂತಿದಾರೆ. ಬೆಂಚು ತುಂಬಿ ನೆಲದ ಮೇಲೂ. ಎಣಿಸಿ ಹೇಳ್ಲಾ?"

ಎಣಿಸಿದಳು. ಫೋನು ಕೆಳಗಿಟ್ಟು, ಓಡಾಡಿ ಎಣಿಸಿ, ಮತ್ತೆ ಬಂದು "ಐವತ್ತಮೂರು, ಹೊರಗೆ ಗಾಡಿಯಲ್ಲಿ ಮಲಗಿರೋ ಇಬ್ಬರನ್ನ ಬಿಟ್ಟು" ಎಂದಳು.

ಅಕ್ಕ ಕಾಲ ಮೇಲೆ ಕಾಲು ಹಾಕಿಕೊಂಡು ಟೀ ಕುಡಿಯುತ್ತಿದ್ದಾಳೆಂದು ಈ ನೋಟ್‌ಬುಕ್ಕಿನಲ್ಲೇ ಬರೆದಿದ್ದೇನೆ. ಹರಿದುಹಾಕೋಣವೆಂದುಕೊಂಡೆ. ಹರಿಯಲಿಲ್ಲ.

ಡಿಸೆಂಬರ್ 8, ಮಂಗಳವಾರ

ಹೋದ ವಾರ ಎಷ್ಟು ಕೇಂದ್ರಗಳಿಂದ ಫಾರಂ ಬಂದಿಲ್ಲ ಎಂದು ಇವತ್ತು ಎಣಿಸಿದೆ. ಇಷ್ಟು ದಿನ ಯಾಕೆ ಎಣಿಸಿರಲಿಲ್ಲ? ನಿಯಮವಿತ್ತಲ್ಲ, ಅದಕ್ಕೆ. ಪರದೆಯ ಮೇಲೆ ಬರೆದು ಕಳಿಸಿದ ಸೊನ್ನೆಗೂ ಕಂಪ್ಯೂಟರು ತಾನೇ ಹಾಕಿಕೊಂಡ ಸೊನ್ನೆಗೂ ಮುಖದಲ್ಲಿ ವ್ಯತ್ಯಾಸವಿಲ್ಲ. ಫ್ಯಾಕ್ಸಣ್ಣನ ಬಳಿ ಮಾತ್ರ ಪಟ್ಟಿ ಇತ್ತು, ಯಾರೂ ಕೇಳದಿದ್ದರೂ ಪ್ರತಿ ವಾರ ಪೆನ್ಸಿಲ್ಲಿನಲ್ಲಿ ಗುರುತು ಹಾಕಿದ್ದರು. ನೂರನಲವತ್ತರಲ್ಲಿ ಐವತ್ತೆಂಟು ಬಂದಿಲ್ಲ. ಕಣಿವೆ ಜಿಲ್ಲೆಯ ಒಂಬತ್ತರಲ್ಲಿ ಏಳು. ಕೆಮ್ಮು ಹೆಚ್ಚಾದ ಕಡೆ ಬರೆಯುವ ಕೈ ಇಲ್ಲ, ಬರೆಯುವ ಕೈ ಇಲ್ಲದ ಕಡೆ ಸೊನ್ನೆ, ಸೊನ್ನೆ ಇದ್ದ ಕಡೆ ಹಸಿರು. ಜ್ವರ ಜೋರಾದಷ್ಟೂ ದೇಶ ಆರೋಗ್ಯವಾಗಿ ಕಾಣುವ ಯಂತ್ರವನ್ನು ಯಾವನೋ ಕಟ್ಟಿ ಕೂರಿಸಿದ್ದಾನೆ.

ಯಾವನೋ ಯಾರೆಂದು ನೋಡಿಯೇಬಿಡೋಣ ಎಂದು ಕಡತದ ಕೋಣೆಗೆ ಹೋದೆ. ಸಿಕ್ಕರೆ ಉಗಿಯಬೇಕು ಎಂದುಕೊಂಡೇ ಹೋದೆ. ಹನ್ನೊಂದು ವರ್ಷ ಹಿಂದಿನ ಆದೇಶ. "ನಿಗದಿತ ಸಮಯದೊಳಗೆ ವರದಿ ಬಾರದಿದ್ದಲ್ಲಿ ಸೊನ್ನೆ ಎಂದು ಭಾವಿಸತಕ್ಕದ್ದು." ಕೆಳಗೆ ಅಂದಿನ ನಿರ್ದೇಶಕರ ಗೀಚು. ಅದರ ಎಡಕ್ಕೆ, ಕರಡು ಸಿದ್ಧಪಡಿಸಿದವರು ಅನ್ನುವ ಕಡೆ, ಬಹಳ ಮುದ್ದಾದ ಒಂದು ಸಹಿ.

ನನ್ನದು.

ಪುಣ್ಯಾತ್ಮ ಅಲ್ಲ, ಪುಣ್ಯಾತ್ಗಿತ್ತಿ. ಅವತ್ತು ಗುರುವಾರವೇ ಇರಬೇಕು, ಮನೆಗೆ ಬೇಗ ಹೋಗಬೇಕಿತ್ತು. ಯಾಕೆ ಹೋಗಬೇಕಿತ್ತೆಂದು ಎಷ್ಟು ತಲೆ ಕೆರೆದುಕೊಂಡರೂ ನೆನಪಾಗಲಿಲ್ಲ. ಕಡತದ ಧೂಳಿನಲ್ಲಿ ಕೂತು ಅತ್ತೆ. ಕೋಣೆಯ ಗುಮಾಸ್ತೆ ಧೂಳು ಅಲರ್ಜಿಯಾ ಎಂದು ಕೇಳಿದಳು, ಹೌದೆಂದೆ.

ಸಾಹೇಬರು ಕಚೇರಿಗೆ ಬಂದಿರಲಿಲ್ಲ. ಮನೆಗೆ ಫೋನ್ ಮಾಡಿದೆ.

"ಸರ್, ಐವತ್ತೆಂಟು ಕೇಂದ್ರದಿಂದ ವರದಿನೇ ಬಂದಿಲ್ಲ. ಎಲ್ಲಾನೂ ಸೊನ್ನೆ ಅಂತ ಲೆಕ್ಕ ಹಿಡಿದಿದೀವಿ."

"ಆತಂಕ ಬೇಡ." ಒಂದು ನಿಮಿಷ ಕೆಮ್ಮಿದರು. "ನಿಯಮದ ಪ್ರಕಾರ ತಾನೇ?"

"ನಿಯಮವೇ ತಪ್ಪು ಸರ್."

"ನಿಯಮ ಹೇಗಮ್ಮ ತಪ್ಪಾಗುತ್ತೆ? ಸರಿ, ಮುಂದಿನ ವರ್ಷ ಒಂದು ಸಮಿತಿ ಮಾಡೋಣ. ಈಗ ಟಿವಿಯಲ್ಲಿ ಹೇಳಿ ಆಗಿದೆ."

"ನಿಮಗೂ ಜ್ವರನಾ ಸರ್?"

"ಸಾಧಾರಣ ನೆಗಡಿ. ನಾಲ್ಕು ದಿನದಿಂದ ಏಳೋಕಾಗಿಲ್ಲ, ಅಷ್ಟೇ."

"ಯಾವ ಕೇಂದ್ರಕ್ಕೆ ತೋರಿಸಿದ್ರಿ?"

"ಯಾರಾದ್ರೂ ಆ ಸಾಲಲ್ಲಿ ನಿಲ್ತಾರೇನಮ್ಮ?" ಎಂದರು.

ಡಿಸೆಂಬರ್ 9, ಬುಧವಾರ

ನಾನು ಮತ್ತು ಫ್ಯಾಕ್ಸಣ್ಣ. ಎರಡು ಫೋನು. ಬೆಳಗ್ಗೆ ಎಂಟರಿಂದ ಸಂಜೆ ಏಳರವರೆಗೆ. ನಲವತ್ತೊಂದು ಕಡೆ ಯಾರೋ ಎತ್ತಿದರು. ಒಂದು ಕಡೆ ಕಾವಲುಗಾರ, ಒಂದು ಕಡೆ ರೋಗಿಯೇ, ಒಂದು ಕಡೆ ಡಾಕ್ಟರ ಹೆಂಡತಿ. ಎಲ್ಲರೂ ಎಣಿಸಿ ಹೇಳಿದರು. ಹದಿನೇಳು ಕಡೆ ಎತ್ತುವವರೇ ಇಲ್ಲ.

ಮೂರು ಗಂಟೆಗೆ ಅಕ್ಕನ ಕೇಂದ್ರ. ಆಯಾ ಇವತ್ತಿನ ಲೆಕ್ಕ ಹೇಳಿದಳು. ನರ್ಸಮ್ಮ ಹೇಗಿದಾರೆ ಎಂದೆ. "ಹಾಗೇ" ಎಂದಳು. ನಾನು ತಂಗಿ ಎಂದು ಹೇಳಲಿಲ್ಲ. ಕಚೇರಿಯವಳೆಂದೇ ತಿಳಿದಿದ್ದಾಳೆ.

ಡಿಸೆಂಬರ್ 10, ಗುರುವಾರ

ನಾಲ್ಕು ಗಂಟೆಗೆ ಬಿಡುಗಡೆ ಮಾಡಿದೆ. ಕಣಿವೆ ಕೆಂಪು. ಇನ್ನೂ ನಾಲ್ಕು ಜಿಲ್ಲೆ ಕೆಂಪು. ಯಾರೂ ಎತ್ತದ ಹದಿನೇಳು ಕೇಂದ್ರಗಳ ಜಾಗವನ್ನು ಬಿಳಿ ಬಿಟ್ಟೆ. ಕೆಳಗೆ ಬರೆದೆ: "ಬಿಳಿ ಅಂದರೆ ಗೊತ್ತಿಲ್ಲ. ಹಿಂದಿನ ಮೂರು ವಾರಗಳ ನಕ್ಷೆ ತಪ್ಪು. ತಪ್ಪಿಗೆ ಕಾರಣವಾದ ನಿಯಮದ ಕರಡು ನನ್ನದು."

ಐದಕ್ಕೆ ಸಾಹೇಬರ ಫೋನು. ಮೊದಲ ಬಾರಿಗೆ ಆತಂಕ ಬೇಡ ಎನ್ನದೆ ಶುರು ಮಾಡಿದರು.

"ಬಿಳಿ ಅಂತ ಒಂದು ಬಣ್ಣ ನಮ್ಮಲ್ಲಿ ಇಲ್ಲ!"

"ಇವತ್ತಿಂದ ಇದೆ ಸರ್."

"ದೇಶದ ಜನಕ್ಕೆ ನಮಗೆ ಗೊತ್ತಿಲ್ಲ ಅಂತ ಹೇಳೋಕಾಗುತ್ತಾ? ನಿನ್ನ ಬಡ್ತಿ ಮರೆತುಬಿಡು."

ಮರೆತೆ ಎಂದೆ. ಲಾರಿ ನಾಳೆ ಬೆಳಗ್ಗೆ ಹೊರಡುತ್ತದೆ. ಕೆಂಪಾದ ಮೇಲೆ ಅವರೂ ತಡೆಯುವ ಹಾಗಿಲ್ಲ, ಆದೇಶದಲ್ಲೇ ಇದೆ.

ಡಿಸೆಂಬರ್ 13, ಭಾನುವಾರ

ಇವರಿಗೆ ಕೆಮ್ಮು ಇಳಿದಿದೆ. ಬಸ್ ನಿಲ್ದಾಣದವರೆಗೆ ಬಂದು ಕಿಟಕಿ ಪಕ್ಕದ ಸೀಟು ಹಿಡಿದುಕೊಟ್ಟು, ಚಾಲಕನಿಗೆ "ನಮ್ಮನೆಯವರು, ಸ್ವಲ್ಪ ನೋಡ್ಕೊಳಪ್ಪ" ಎಂದರು. ಆರು ಗಂಟೆ ದಾರಿ.

ಕೇಂದ್ರ ನಾನು ಅಂದುಕೊಂಡದ್ದಕ್ಕಿಂತ ಚಿಕ್ಕದು. ಹಂಚಿನ ಮಾಡು, ಮೂರು ಕೋಣೆ, ನೀಲಿ ಬಾಗಿಲು. ಹದಿಮೂರು ವರ್ಷದಿಂದ ಇದೇ ಕೇಂದ್ರದ ಅಂಕಿ ಬರೆದುಕೊಂಡಿದ್ದೇನೆ, ಬಾಗಿಲು ನೀಲಿ ಎಂದು ಗೊತ್ತಿರಲಿಲ್ಲ. ತಂಡ ಶನಿವಾರವೇ ಬಂದಿದೆ. ಡಾಕ್ಟರ ಕುರ್ಚಿಯಲ್ಲಿ ಯಾರೂ ಕೂತಿಲ್ಲ, ಬಂದ ಡಾಕ್ಟರುಗಳು ನಿಂತೇ ನೋಡುತ್ತಿದ್ದಾರೆ.

ಅಕ್ಕ ಔಷಧಿ ಕೋಣೆಯಲ್ಲಿ, ಪೆಟ್ಟಿಗೆಗಳ ನಡುವೆ ಮಂಚ. ಮೂಗಿಗೆ ಆಮ್ಲಜನಕ. ಅರ್ಧಕ್ಕರ್ಧ ಇಳಿದುಹೋಗಿದ್ದಾಳೆ. ನನ್ನನ್ನು ನೋಡಿದಳು.

"ಹಸಿರು ಚೆನ್ನಾಗಿತ್ತು" ಎಂದಳು.

ನಾನು ಅವಳ ಕಾಲ ಬಳಿ ಕೂತುಬಿಟ್ಟೆ. "ಒಂದು ಫೋನ್ ಮಾಡಬಾರದಿತ್ತೇನೇ ಅಕ್ಕ? ಒಂದೇ ಒಂದು ಫೋನು?"

"ಬರೆದಿದ್ನಲ್ಲ ಫಾರಂನಲ್ಲಿ" ಎಂದಳು. "ತಂಡ ಬೇಕು, ಬೇಗ ಅಂತ. ಓದೋದು ನೀನು ಅಂತ ಗೊತ್ತಿತ್ತಲ್ಲ."

ಡಿಸೆಂಬರ್ 15, ಮಂಗಳವಾರ

ಡಾಕ್ಟರು ಈಗ ಅಕ್ಕ ಉಳಿಯುತ್ತಾಳೆ ಅನ್ನುತ್ತಿದ್ದಾರೆ. ಮೊನ್ನೆ ಏನನ್ನುತ್ತಿದ್ದರು ಎಂದು ಕೇಳಿದೆ, ಹೇಳಲಿಲ್ಲ.

ಬೆಳಗ್ಗೆ ಕೇಂದ್ರದ ಫ್ಯಾಕ್ಸಿಗೆ ನನ್ನ ಹೆಸರಿಗೊಂದು ನೋಟಿಸು ಬಂತು. ಅನುಮತಿಯಿಲ್ಲದೆ ಬಣ್ಣ ಸೃಷ್ಟಿಸಿದ ಆರೋಪ. "ಏಳು ದಿನದೊಳಗೆ ಉತ್ತರ ಬಾರದಿದ್ದಲ್ಲಿ ತಮಗೆ ಹೇಳಲು ಏನೂ ಇಲ್ಲವೆಂದು ಭಾವಿಸತಕ್ಕದ್ದು." ನನ್ನದೇ ಶೈಲಿ, ಇಲಾಖೆ ಚೆನ್ನಾಗಿ ಕಲಿತಿದೆ. ಆಯಾಗೆ ಓದಿ ಹೇಳಿದೆ. ಅವಳು ನಗಲಿಲ್ಲ. "ಆರು ಬಕೆಟ್ ನೀರು ಬೇಕು" ಎಂದಳು. ತಂದುಕೊಟ್ಟೆ. ಮಧ್ಯಾಹ್ನದವರೆಗೆ ಹಾಸಿಗೆ ಬಟ್ಟೆ ಕುದಿಸಿದೆವು. ಸೊಂಟ ಬಿದ್ದುಹೋಗಿದೆ.

ಡಿಸೆಂಬರ್ 17, ಗುರುವಾರ

ಹೇಳಿಬಿಟ್ಟೆ.

ಸಂಜೆ ಅಕ್ಕನಿಗೆ ದಿಂಬು ಒರಗಿಸಿ ಕೂರಿಸಿದ್ದೆ. ಬಿಸಿನೀರಿನ ಲೋಟ ಅವಳ ಕೈಯಲ್ಲಿತ್ತು. "ಫಾರಂ ಬರದಿದ್ರೆ ಸೊನ್ನೆ ಅನ್ನೋ ನಿಯಮ ಇದೆಯಲ್ಲ ಅಕ್ಕ, ಅದನ್ನ ಬರೆದವಳು ನಾನು. ಗುರುವಾರ ಬೇಗ ಮನೆಗೆ ಹೋಗೋಕೆ ಬರೆದೆ."

ಬೈಯಲಿ ಎಂದು ಕಾದೆ. ಹೊಡೆದರೂ ಸರಿ ಎಂದುಕೊಂಡೆ. ಅಕ್ಕ ಲೋಟ ಕೆಳಗಿಟ್ಟಳು.

"ಆ ಎರಡು ವಾರದ ಸೊನ್ನೆ ಯಾರು ಯಾರು ಅಂತ ಹೇಳ್ತೀನಿ, ಕೂತ್ಕೋ."

ಕೂತೆ. ಅಭ್ಯಾಸಬಲ, ಪೆನ್ನು ತೆಗೆದೆ.

"ಬರ್ಕೋಬೇಡ. ಕೇಳು."

ಶುರು ಮಾಡಿದಳು. ಡಾಕ್ಟರು, ಕೊನೇ ದಿನವೂ ಹದಿನೆಂಟು ಜನರನ್ನು ನೋಡಿ ಮಲಗಿದವರು. ಅಂಚೆಯವನು, ಹೆಂಡತಿ ಹೆರಿಗೆಗೆ ಹೋಗಿದ್ದಳು. ಸೇತುವೆ ಪಕ್ಕದ ದರ್ಜಿಯ ತಾಯಿ, ತೊಂಬತ್ತು ದಾಟಿದ್ದರೂ ಸೂಜಿಗೆ ದಾರ ತಾನೇ ಪೋಣಿಸುತ್ತಿದ್ದಳು. ಹಾಲಿನ ಲಾರಿಯ ಅಣ್ಣ ತಮ್ಮ, ಸಾಯುವವರೆಗೂ ಒಬ್ಬರಿಗೊಬ್ಬರು ಮಾತಾಡುತ್ತಿರಲಿಲ್ಲ, ಹಾಸಿಗೆ ಮಾತ್ರ ಪಕ್ಕಪಕ್ಕದಲ್ಲೇ ಬೇಕೆಂದರು. ಶಾಲೆಯ ಲೆಕ್ಕದ ಮೇಷ್ಟ್ರು. ಬೇಕರಿಯವನ ಹೆಂಡತಿ, ಜ್ವರ ಅಲ್ಲ ಒಲೆಯ ಬಿಸಿ ಎಂದುಕೊಂಡು ಮೂರು ದಿನ ತಡ ಮಾಡಿದವಳು. ಒಬ್ಬೊಬ್ಬರಿಗೂ ಅಕ್ಕ ಎಷ್ಟು ಹೊತ್ತು ಕೈ ಹಿಡಿದುಕೊಂಡಿದ್ದಳು, ಅವರು ಕೊನೆಗೆ ಏನು ಕೇಳಿದರು, ನೀರೋ, ಮಗನನ್ನೋ, ಕಿಟಕಿ ತೆಗೆಯಲೋ, ಎಲ್ಲ ಹೇಳಿದಳು. ನಡುವೆ ಉಸಿರು ಸಾಲದಾದಾಗ ನಿಲ್ಲಿಸಿದಳು, ಮತ್ತೆ ಎಲ್ಲಿ ನಿಲ್ಲಿಸಿದ್ದಳೋ ಅಲ್ಲಿಂದಲೇ ಹಿಡಿದಳು. ಒಬ್ಬರನ್ನೂ ಬಿಡಲಿಲ್ಲ. ನಾನು ತಲೆ ಎತ್ತದೆ ಕೇಳಿದೆ. ಒಟ್ಟು ಎಷ್ಟಾದರೋ ಗೊತ್ತಿಲ್ಲ.

"ಇವತ್ತಿಗೆ ಸಾಕು" ಎಂದಳು ಕೊನೆಗೆ. "ಸುಸ್ತಾಗ್ತಿದೆ. ಉಳಿದವರನ್ನ ನಾಳೆ ಹೇಳ್ತೀನಿ."

"ಇನ್ನೂ ಇದಾರಾ?"

"ಇದಾರೆ" ಎಂದು ಗೋಡೆ ಕಡೆ ತಿರುಗಿ ಮಲಗಿದಳು. ಕ್ಷಮಿಸಿದೆ ಎನ್ನಲಿಲ್ಲ. ಹೊರಡು ಎಂದೂ ಅನ್ನಲಿಲ್ಲ. ಹೊದಿಕೆ ಕಾಲಿಗೆ ಸಾಲುತ್ತಿರಲಿಲ್ಲ, ನನ್ನ ಶಾಲು ಸೇರಿಸಿ ಹೊದಿಸಿದೆ.

ಈಗ ಆಯಾ ಕೊಟ್ಟ ಕಾಗದದಲ್ಲಿ ಕಚೇರಿಗೆ ರಜೆ ಅರ್ಜಿ ಬರೆದು ಮುಗಿಸಿದೆ. ಕಾರಣ ಎನ್ನುವ ಕಡೆ ಅಕ್ಕ ಎಂದು ಬರೆದೆ. ಎಷ್ಟು ದಿನ ಎನ್ನುವ ಕಡೆ ಬಹಳ ಹೊತ್ತು ಪೆನ್ನು ಹಿಡಿದುಕೊಂಡು ಕೂತೆ. ಆಮೇಲೆ ಬರೆದೆ, ಗೊತ್ತಿಲ್ಲ.